ಪ್ರಭಾಕರನ ಯೋಗ, ಅಚ್ಯುತನ ಕಣ್ಣು

ಬೆಳಗಾದರೆ ಅಚ್ಯುತನಿಗೆ ಎದೆಯುರಿ, ಹುಳಿತೇಗು. ಒಟ್ಟಪಾಲಂನಿಂದ ಪಾಲಕ್ಕಾಡಿಗೆ ಖಾಸಗಿ ಬಸ್ಸು ಓಡಿಸುವ ಅವನು ಬೇಸಿಗೆಯಲ್ಲಿ ಎಂಜಿನ್ನಿನ ಪಕ್ಕ ಕೂತು ಬೆಂದುಹೋಗುತ್ತಿದ್ದ. ಕಣ್ಣು ಕೆಂಪು, ಮಾತು ಅದಕ್ಕಿಂತ ಖಾರ.

ಪಕ್ಕದ ಮನೆಯ ಪ್ರಭಾಕರ ಹಾಗಲ್ಲ. ತನ್ನ ಚಹಾದಂಗಡಿಯಲ್ಲಿ ಕೂತಲ್ಲೇ ತೂಕಡಿಸುವ ದಡೂತಿ ಆಸಾಮಿ. ಊರ ವಾಚನಾಲಯದ ಯೋಗ ತರಗತಿಗೆ ಸೇರಿ, ತಿದಿಯಂತೆ ರಭಸದಿಂದ ಉಸಿರೂದುವ ಭಸ್ತ್ರಿಕಾ ಪ್ರಾಣಾಯಾಮ, ಶೀರ್ಷಾಸನ ಕಲಿತು, ಬೇಸಿಗೆ ಬರುವಷ್ಟರಲ್ಲಿ ಹೊಟ್ಟೆ ಕರಗಿಸಿಕೊಂಡ. ಅಚ್ಯುತನಿಗೂ ಆಸೆಯಾಯಿತು.

"ಸುಭದ್ರಾ, ನಂಗೂ ಪ್ರಭಾಕರಂದೇ ಹೇಳ್ಕೊಡು," ಎಂದ ಯೋಗ ಶಿಕ್ಷಕಿಗೆ.

"ಬೇಡ ಅಚ್ಯುತಣ್ಣಾ. ಅವರದು ಕಫದ ಮೈ. ತಣ್ಣಗೆ, ಭಾರ. ಅಲ್ಲಿ ಬೆಂಕಿ ಎಬ್ಬಿಸ್ಬೇಕು. ನಿಮ್ಮದು ಪಿತ್ತ. ಒಳಗೇ ಒಲೆ ಉರೀತಿದೆ, ಅದಕ್ಕೆ ತಿದಿ ಊದ್ತೀರಾ? ಮೊದ್ಲು ವೈದ್ಯರಿಗೆ ಮೈ ತೋರ್ಸಿ, ಬಿಪಿ ನೋಡಿಸ್ಕೊಂಡು ಬನ್ನಿ. ಆಮೇಲೆ ಶೀತಲಿ ಹೇಳ್ಕೊಡ್ತೀನಿ. ನಾಲಿಗೆ ಮಡಚಿ ತಂಪು ಗಾಳಿ ಎಳ್ಕೊಳ್ಳೋದು."

"ನಾಲಿಗೆ ಚಾಚ್ಕೊಂಡು ಕೂರೋಕೆ ನಾನೇನು ನಾಯೀನಾ?" ಅಚ್ಯುತ ಎದ್ದು ಹೊರಟೇಬಿಟ್ಟ.

ಮನೆಯಲ್ಲಿ ಫೋನು ನೋಡಿಕೊಂಡೇ ಶುರುಮಾಡಿದ. ಗೋಡೆಗೊರಗಿ ತಲೆಕೆಳಗಾಗಿ ನಿಂತು, ಉಸಿರು ಬಿಗಿಹಿಡಿಯುತ್ತಿದ್ದ.

"ಇಳೀರಿ ಮಾರಾಯ್ರೇ! ಮುಖ ಬಾಳೆಹೂವಿನ ಬಣ್ಣಕ್ಕೆ ಬಂದಿದೆ!" ಹೆಂಡತಿ ವಿಲಾಸಿನಿ ಕೂಗಿದಳು.

"ರಕ್ತ ಓಡಾಡ್ತಿದೆ ಕಣೇ. ಸುಮ್ನಿರು."

ಒಂದು ಬೆಳಿಗ್ಗೆ ಕಾಲು ಕೆಳಗಿಳಿಸಿದಾಗ ಬಲಗಣ್ಣಿಗೆ ಕೆಂಪು ಪರದೆ ಬಿದ್ದಂತಾಯಿತು. ಸರಿಹೋದೀತೆಂದು ಮುಖ ತೊಳೆದು ಬಸ್ಸು ಹತ್ತಿದ. ಸೇತುವೆಯ ಬಳಿ ಬಲಗಡೆಯಿಂದ ಸ್ಕೂಟರೊಂದು ನುಗ್ಗಿದ್ದು ಅವನಿಗೆ ಕಾಣಲೇ ಇಲ್ಲ. ಕಂಡಕ್ಟರ್ ಕಿರುಚಿದ್ದಕ್ಕೆ ಬ್ರೇಕ್ ಒತ್ತಿದ. ಸ್ಕೂಟರಿನ ಹಿಂಬದಿಯಲ್ಲಿ ಒಬ್ಬ ತಾಯಿ, ಅವಳ ಮಡಿಲಲ್ಲಿ ಕೂಸು. ಕೂದಲೆಳೆಯಲ್ಲಿ ಉಳಿದುಕೊಂಡರು. ಅಚ್ಯುತ ಬಸ್ಸನ್ನು ಪಕ್ಕಕ್ಕೆ ನಿಲ್ಲಿಸಿ, ಕೀಲಿಯನ್ನು ಕಂಡಕ್ಟರ್ ಕೈಗೆ ಕೊಟ್ಟು ಇಳಿದ. ಅವನು ಬಸ್ಸು ಓಡಿಸಿದ್ದು ಅದೇ ಕಡೆಯ ಸಲ.

"ಬಿಪಿ ವರ್ಷಗಳಿಂದ ಏರಿದೆ, ನೀವು ನೋಡಿಸ್ಕೊಂಡೇ ಇಲ್ಲ," ಎಂದರು ಕಣ್ಣಿನ ಡಾಕ್ಟರು. "ಮೊದಲೇ ಸೋತಿದ್ದ ರಕ್ತನಾಳ. ತಲೆಕೆಳಗಾಗಿ ಉಸಿರು ಕಟ್ಟಿದ್ದನ್ನ ತಾಳಲಾರದೆ ಕಣ್ಣೊಳಗೆ ಒಡೆದುಹೋಯ್ತು." ಚಿಕಿತ್ಸೆಯೇನೋ ಆಯಿತು. ಬಲಗಣ್ಣು ಮಾತ್ರ ಮರಳಲಿಲ್ಲ.

ಕೆಲಸ ಹೋದ ಮೇಲೆ ಅಚ್ಯುತ ಜಗುಲಿಯಲ್ಲಿ ಸುಮ್ಮನೆ ಕೂರುತ್ತಿದ್ದ. ದೂರದಲ್ಲಿ ಬಸ್ಸಿನ ಹಾರ್ನ್ ಕೇಳಿದರೆ ಒಳಗೆದ್ದು ಹೋಗುತ್ತಿದ್ದ. ಹಾಗೆ ಹೋದಾಗಲೇ ಒಮ್ಮೆ ಮಗಳು ಶ್ರೀಜಾ ಕಣ್ಣಿಗೆ ಬಿದ್ದಳು. ಕಡ್ಡಿಯಂಥ ಹುಡುಗಿ, ನಿದ್ದೆ ಕಮ್ಮಿ, ಒಣ ಕೈಕಾಲು. ಹೊತ್ತಿಗೆ ಸರಿಯಾಗಿ ಉಣ್ಣದ ಅವಳು ಫೋನಿನಲ್ಲಿ ನೋಡುತ್ತ ಸೂರ್ಯನಮಸ್ಕಾರವನ್ನು ಓಟದಂತೆ ಮಾಡುತ್ತಿದ್ದಳು. ಮಂಡಿ ಲಟಲಟ ಅನ್ನುತ್ತಿತ್ತು.

"ನಿಲ್ಸು ಮಗಾ!" ಅಚ್ಯುತ ಅವಳ ಭುಜ ಹಿಡಿದ.

"ಎಲ್ರೂ ಮಾಡ್ತಾರಲ್ಲಪ್ಪಾ."

"ನಾನೂ ಹಾಗೇ ಅಂದ್ಕೊಂಡಿದ್ದೆ."

ಮಗಳ ಕೈಹಿಡಿದು, ವಿಲಾಸಿನಿಯನ್ನೂ ಕರೆದುಕೊಂಡು ಸುಭದ್ರೆಯ ಮುಂದೆ ನಿಂತ. ಅವಳು ಹಳೆಯದನ್ನು ಎತ್ತಿ ಆಡಲಿಲ್ಲ. ಎಲ್ಲರನ್ನೂ ಆಯುರ್ವೇದ ವೈದ್ಯರಲ್ಲಿಗೆ ಕರೆದೊಯ್ದಳು. ಶ್ರೀಜಾಳದು ವಾತದ ಮೈಯೆಂದು ತಿಳಿಯಿತು. ಅವಳ ಮೈಗೆ ಬೆಚ್ಚಗಿನ ಎಣ್ಣೆ, ಹೊಟ್ಟೆತುಂಬ ಬಿಸಿ ಗಂಜಿ, ನಿಧಾನದ ಆಸನ, ಕೊನೆಗೆ ಒಳ್ಳೆಯ ಹೊತ್ತು ಶವಾಸನ. ಅಚ್ಯುತನಿಗೆ ಡಾಕ್ಟರ ಬಿಪಿ ಮಾತ್ರೆ ತಪ್ಪಿಸುವಂತಿಲ್ಲ, ಜೊತೆಗೆ ಶೀತಲಿ. ಈಗ ಅವನು ನಾಲಿಗೆ ಮಡಚಿ ಕೂರುತ್ತಾನೆ. ಯಾರು ನಕ್ಕರೂ ಏಳುವುದಿಲ್ಲ. ಎದೆಯುರಿ ಇಳಿದಿದೆ, ಮಗಳಿಗೆ ನಿದ್ದೆ ಹತ್ತುತ್ತಿದೆ. ಹೋದ ಕಣ್ಣು ಹೋಗಿಯೇ ಹೋಯಿತು.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಯೋಗ ಬಿಡಬೇಡಿ. ಆದರೆ ನೆರೆಮನೆಯವರನ್ನೋ ಫೋನನ್ನೋ ನೋಡಿ ಅದನ್ನು ಆರಿಸಿಕೊಳ್ಳಬೇಡಿ. ನಿಮ್ಮ ಮೈಯ ಗುಣ ವೈದ್ಯರಿಂದ ತಿಳಿಯಿರಿ, ಬಿಪಿ, ಕಣ್ಣು ಪರೀಕ್ಷೆ ಮಾಡಿಸಿ, ಬಲ್ಲವರ ಮುಂದೆ ಕೂತು ಕಲಿಯಿರಿ. ಕಣ್ಣು ಮಂಜಾದರೆ, ಎದೆ ಬಿಗಿದರೆ ಆ ಕ್ಷಣವೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ನಾಚಿಕೆಪಟ್ಟು ಮನೆಯಲ್ಲಿ ಕೂರಬೇಡಿ.