ತಕ್ಕಡಿಯಮ್ಮ ತೂಗದೆ ಬಿಟ್ಟ ಹಾಲು

ತಕ್ಕಡಿಯ ಮುಂದೆ ಕುಳಿತಾಗ, ನಾವೆಲ್ಲ ತಕ್ಕಡಿಯಮ್ಮ ಎಂದೇ ಕರೆಯುತ್ತಿದ್ದ ಆಕೆ ಉಸಿರಾಡುತ್ತಿರಲಿಲ್ಲ. ಇದು ಅತಿಶಯೋಕ್ತಿಯಲ್ಲ. ಹಾಲು ಪರೀಕ್ಷಿಸುವ ನಮ್ಮ ಪ್ರಯೋಗಾಲಯದ ಆ ಸೂಕ್ಷ್ಮ ತಕ್ಕಡಿ ಗಾಜಿನ ಪೆಟ್ಟಿಗೆಯೊಳಗಿತ್ತು. ಅದರ ಅಂಕಿಗಳು ಮನುಷ್ಯರ ಉಸಿರಿಗೂ ಕದಲುತ್ತವೆಂಬುದು ನಿಜವೇ. ಆದರೆ ಪೆಟ್ಟಿಗೆಯ ಬಾಗಿಲು ಮುಚ್ಚಿದ ಮೇಲೂ, ಅಂಕಿ ನಿಲ್ಲುವವರೆಗೂ, ನೀರಿನಲ್ಲಿ ಮುಳುಗು ಹಾಕಿದವರಂತೆ ಬಿಗಿಯಾಗಿ ಕೂರುವವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಪಕ್ಕದ ಮೇಜಿನಲ್ಲಿ ಹಾಲಿನ ಸಾರಜನಕವನ್ನು ಅಳೆದು ಅದರಿಂದ ಪ್ರೋಟೀನಿನ ಲೆಕ್ಕ ಕಟ್ಟುವುದು ನನ್ನ ಕೆಲಸ. ಹೊಸದರಲ್ಲಿ ಈಕೆಗೆ ಏನಾದರೂ ಆಗಿಬಿಟ್ಟೀತೆಂದು ಗಾಬರಿಯಿಂದ ನೋಡುತ್ತಿದ್ದೆ. ಬರಬರುತ್ತಾ ಅವರೊಡನೆ ನಾನೂ ಉಸಿರು ಹಿಡಿಯತೊಡಗಿದೆ.

ನಡಿಗೆಯೂ ಹಾಗೆಯೇ. ನೆಲ ನಡುಗಿದರೆ ತೂಕ ಕೆಡುತ್ತದೆಂದು ಹಿಮ್ಮಡಿ ಊರದೆ ನಡೆಯುವುದನ್ನು ಕಲಿತಿದ್ದರು. ಕಲಿತದ್ದನ್ನು ಬಾಗಿಲಲ್ಲಿ ಬಿಟ್ಟುಬರುವ ಜಾಯಮಾನ ಅವರದಲ್ಲವಾದ್ದರಿಂದ ಬೀದಿಯಲ್ಲೂ, ಮಾರುಕಟ್ಟೆಯಲ್ಲೂ, ಮದುವೆಮನೆಯಲ್ಲೂ ಅದೇ ಕಳ್ಳಹೆಜ್ಜೆ. ಅವರ ಬಿಳಿ ಕೋಟಿನ ಎಡತೋಳಿಗೆ ಆಮ್ಲ ಸಿಡಿದು ತೂತಾಗಿತ್ತು. ಅದನ್ನು ನೀಲಿ ದಾರದಲ್ಲಿ ಹೊಲಿದುಕೊಂಡಿದ್ದರು, ಬಿಳಿ ದಾರ ಇರಲಿಲ್ಲವೆಂದಲ್ಲ, ಎಲ್ಲಿ ಅಜಾಗರೂಕಳಾಗಿದ್ದೆ ಎಂಬುದು ಕಾಣುತ್ತಿರಬೇಕು ಎಂದು. ಮಾತು ಕಡಿಮೆ. ಇದ್ದದ್ದರಲ್ಲಿ ಅರ್ಧ, "ಇರ್ಲಿ, ಇನ್ನೊಂದ್ಸಲ ನೋಡೋಣ" ಎಂಬುದೇ. "ನಮ್ಮತ್ತಿಗೆ ಯಮ ಬಂದು ಬಾಗಿಲು ತಟ್ಟಿದ್ರೂ ಇನ್ನೊಂದ್ಸಲ ನೋಡೋಣ ಅಂತ ವಾಪಸ್ ಕಳಿಸ್ತಾರೆ" ಎಂದು ಅವರ ತಮ್ಮನ ಹೆಂಡತಿ ಎಲ್ಲರೆದುರೇ ನಗುತ್ತಿದ್ದರು. ತಕ್ಕಡಿಯಮ್ಮನೂ ನಗುತ್ತಿದ್ದರು, ಒಂದು ಕ್ಷಣ ತಡವಾಗಿ.

ಆ ನಗು ನಿಂತದ್ದು ಕುದುರೆ ಹಾಲು ನಮ್ಮ ಮೇಜಿಗೆ ಬಂದಾಗ.

ತಮ್ಮನ ಮಗಳ ಹಸುಗೂಸು ಆಸ್ಪತ್ರೆಯಲ್ಲಿತ್ತು. ತಾಯಿಗೆ ಹಾಲು ಬತ್ತಿತ್ತು. ಹಸುವಿನ ಹಾಲು ಮಗುವಿಗೆ ವಿಷವಾಗಿತ್ತು, ಡಬ್ಬಿಯ ಪುಡಿಗಳೂ ಒಗ್ಗಲಿಲ್ಲ. ಕೂಸು ದಿನೇದಿನೇ ಹಿಡಿಯಾಗುತ್ತಿತ್ತು. ಬೇರೆ ದಾರಿ ಕಾಣದೆ ಮಕ್ಕಳ ಡಾಕ್ಟರು ಕುದುರೆ ಹಾಲನ್ನು ಪ್ರಯತ್ನಿಸಲು ಒಪ್ಪಿದ್ದರು. ಅದರ ಸಕ್ಕರೆಯೂ ಪ್ರೋಟೀನೂ ತಾಯಿಯ ಹಾಲಿಗೆ ಹತ್ತಿರ, ಕೊಬ್ಬು ಮಾತ್ರ ತೀರಾ ಕಡಿಮೆ. "ಕೊಬ್ಬು ಎಷ್ಟಿದೆ ಅಂತ ಸರಿಯಾಗಿ ಹೇಳಿ, ಕಮ್ಮಿ ಬಿದ್ದದ್ದನ್ನ ಎಣ್ಣೇಲಿ ತುಂಬ್ತೀನಿ" ಎಂದರು ಡಾಕ್ಟರು. "ಆದ್ರೆ ಎಣ್ಣೆ ಹೆಚ್ಚಾದ್ರೆ ಭೇದಿ ಶುರುವಾಗುತ್ತೆ. ಇನ್ನೊಂದು ಭೇದಿ ತಡ್ಕೊಳ್ಳೋ ಶಕ್ತಿ ಈ ಮಗುಗಿಲ್ಲ."

ನಮ್ಮಲ್ಲಿ ಒಂದು ಯಂತ್ರವಿತ್ತು. ಹಾಲು ಕುಡಿಸಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಅಂಕಿ ಉಗುಳುತ್ತಿತ್ತು. ತಕ್ಕಡಿಯಮ್ಮ ಆ ಅಂಕಿಯತ್ತ ನೋಡಲೂ ಇಲ್ಲ. "ಅದಕ್ಕೆ ಹಸು ಮಾತ್ರ ಗೊತ್ತು, ಕುದುರೆ ಅಂದ್ರೆ ಏನು ಗೊತ್ತು?" ಎಂದರು. ಹಾಲಿಗೆ ಆಮ್ಲ ಬೆರೆಸಿ ಗಿರ್ರನೆ ತಿರುಗಿಸಿ ಕೊಬ್ಬನ್ನು ಅಳತೆಗೆರೆಗಳಿರುವ ಗಾಜಿನ ಕೊಳವೆಯ ಕುತ್ತಿಗೆಗೇರಿಸುವ ಹಳೆಯ ಕ್ರಮವನ್ನೂ ನೋಡಿದ್ದಾಯಿತು. ಕುದುರೆ ಹಾಲಿನ ಸಕ್ಕರೆ ಆಮ್ಲದಲ್ಲಿ ಸುಟ್ಟು, ಕೊಬ್ಬಿನ ತೆಳು ಪದರದ ಬುಡದಲ್ಲಿ ಕರಿ ಕಟ್ಟಿ, ಗೆರೆ ಎಲ್ಲಿ ಶುರುವಾಗುತ್ತದೋ ತಿಳಿಯದಾಯಿತು. ಉಳಿದದ್ದು ನಿಧಾನದ ದಾರಿ: ಈಥರೆಂಬ ದ್ರಾವಕದಲ್ಲಿ ಕೊಬ್ಬನ್ನು ಕರಗಿಸಿ ಬಸಿದು, ಈಥರನ್ನು ಆರಿಸಿ, ತಳದಲ್ಲಿ ಉಳಿದ ಕೊಬ್ಬನ್ನು ಸೀಸೆಯೊಡನೆ ತೂಗುವುದು, ಮತ್ತೆ ಕಾಯಿಸಿ, ತಣಿಸಿ, ತೂಗುವುದು, ಈಥರಿನ ಪಸೆಯೆಲ್ಲ ಹೋಗಿ ತೂಕ ಇನ್ನು ಇಳಿಯುವುದಿಲ್ಲ ಎನ್ನುವವರೆಗೂ ತೂಗುತ್ತಲೇ ಇರುವುದು.

ಜೋಡಿ ಸೀಸೆಗಳಲ್ಲಿ ಮಾಡಿದರು. ಎರಡೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದಿದವು: ನೂರು ಪಾಲಿನಲ್ಲಿ ಅರ್ಧ ಪಾಲು ಕೊಬ್ಬೂ ಇಲ್ಲ. ನನಗೆ ಹೋದ ಜೀವ ಬಂದಂತಾಯಿತು. "ಎರಡೂ ಒಂದೇ ಹೇಳ್ತಿವೆಯಲ್ಲ, ಬರೆದುಕೊಟ್ಟುಬಿಡಿ" ಎಂದೆ.

"ಎರಡೂ ಒಂದೇ ಹೇಳಿದ್ರೆ ನನ್ನ ಕೈ ಸರಿಯಿದೆ ಅಂತಾಯ್ತು. ಹಾಲು ಸರಿಯಿದೆ ಅಂತ ಹೇಗೆ?" ಎಂದವರೇ ಹಾಲು ಕಳಿಸಿದ್ದ ಕುದುರೆ ಲಾಯಕ್ಕೆ ಫೋನು ಮಾಡಿ, ಹಾಲು ಹೇಗೆ ಕರೆದಿರಿ ಎಂದು ಕೇಳಿದರು.

ಲಾಯದ ಮುದುಕ ಮುಚ್ಚುಮರೆಯಿಲ್ಲದೆ ಹೇಳಿದ: "ಮರಿ ಪಕ್ಕದಲ್ಲಿದ್ರೇನೇ ಅಮ್ಮಾ ಕುದುರೆ ಹಾಲು ಇಳಿಸೋದು. ಮೊದಲು ಬಂದಿದ್ದನ್ನ ನಿಮ್ಮ ಸೀಸೆಗೆ ಹಿಡಿದು ಉಳಿದಿದ್ದಕ್ಕೆ ಮರೀನ ಬಿಟ್ಟೆ. ಪರೀಕ್ಷೆಗೆ ತಾನೇ, ಅಷ್ಟು ಸಾಕಲ್ವಾ ಅಂತ. ಮಗುಗೆ ಕೊಡೋವಾಗ ಪೂರ್ತಿ ಕರೀತೀನಿ ಬಿಡಿ."

ತಕ್ಕಡಿಯಮ್ಮ ಫೋನನ್ನು ಮೆಲ್ಲಗೆ ಇಟ್ಟರು. ಮುಖ ಬಿಳಿಚಿತ್ತು. ಮೊದಲಿಗೆ ಬರುವ ಹಾಲು ನೀರು. ಕೊಬ್ಬೆಲ್ಲ ಕೊನೆಗೆ ಇಳಿಯುವ ಹಾಲಿನಲ್ಲಿ. ಮುದುಕ ಮರಿಯ ಮೇಲಿನ ಕರುಣೆಯಿಂದ ಕಳಿಸಿದ್ದ ತೆಳು ಹಾಲಿನ ಲೆಕ್ಕಕ್ಕೆ ಡಾಕ್ಟರು ಎಣ್ಣೆ ಸುರಿದಿದ್ದರೆ, ಮಗುವಿನ ಹೊಟ್ಟೆಗೆ ಹೋಗುತ್ತಿದ್ದದ್ದು ಗಟ್ಟಿ ಹಾಲು, ಅದರ ಮೇಲೆ ಅಷ್ಟೂ ಎಣ್ಣೆ.

ಪೂರ್ತಿ ಕರೆದು ಕಲಕಿದ ಹಾಲು ಮರುದಿನ ಬೆಳಿಗ್ಗೆ ಬಂತು, ಎಲ್ಲ ಮೊದಲಿನಿಂದ. ಅತ್ತ ಮಗುವಿಗೆ ನರದ ಮೂಲಕ ಹನಿಯುತ್ತಿದ್ದ ಸಕ್ಕರೆ ನೀರೇ ಆಧಾರ. ಸೂಜಿ ಚುಚ್ಚಲು ನರ ಸಿಗುತ್ತಿಲ್ಲವೆಂಬ ಸುದ್ದಿ ಬೇರೆ. ಡಾಕ್ಟರು ಎರಡು ಬಾರಿ ಫೋನು ಮಾಡಿದರು. ಎರಡನೆಯ ಬಾರಿ, ಸಂಜೆಯೊಳಗೆ ಅಂಕಿ ಬರದಿದ್ದರೆ ಅಂದಾಜಿನ ಮೇಲೆ ಕೊಟ್ಟುಬಿಡುತ್ತೇನೆ ಎಂದರು. ಮಧ್ಯಾಹ್ನ ತಮ್ಮನೇ ಬಂದ. ಚಪ್ಪಲಿಯ ಸದ್ದು ಮಾಡುತ್ತಾ ಒಳಗೆ ನುಗ್ಗಿದ.

"ಅಕ್ಕಾ, ನಿನ್ನೆ ಒಂದು ಅಂಕಿ ಬಂದಿತ್ತಂತೆ. ಯಾಕೆ ಕೊಡ್ಲಿಲ್ಲ?"

"ಅದು ಬೇರೆ ಹಾಲಿನ ಅಂಕಿ ಕಣೋ."

"ಅದೇ ಕುದುರೆ ತಾನೆ! ಮಗು ಅಲ್ಲಿ ಅಳೋಕ್ಕೂ ಆಗದೆ ಮಲಗಿದೆ, ನೀನಿಲ್ಲಿ ಸೀಸೆ ಕಾಯಿಸ್ತಾ ಕೂತಿದ್ದೀಯ. ನಮ್ಮ ಮನೆ ಕೂಸು ಕಣೇ ಅದು!"

ತಕ್ಕಡಿಯಮ್ಮ ತಣಿಯಲಿಟ್ಟಿದ್ದ ಸೀಸೆಯನ್ನು ಇಕ್ಕಳದಿಂದ ಎತ್ತಿದರು. ಇಕ್ಕಳದ ತುದಿ ಗಾಜಿಗೆ ತಾಗಿ ಕಿಣಿಕಿಣಿ ಸದ್ದಾಯಿತು. ಅವರ ಇಕ್ಕಳ ಸದ್ದು ಮಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಸೀಸೆಯನ್ನು ಮತ್ತೆ ಕೆಳಗಿಟ್ಟು ನನ್ನ ಕಡೆ ತಿರುಗಿದರು.

"ನೀವು ತೂಗಿ. ನನಗೆ ಅಂಕಿ ಬೇಗ ನಿಲ್ಲಬೇಕಾಗಿದೆ. ಹಾಗೆ ಬೇಕಾದವರು ತೂಗಬಾರದು."

ಗೋಡೆಯ ಕಡೆ ಮುಖ ಮಾಡಿ ನಿಂತುಬಿಟ್ಟರು. ನಾನು ತೂಗಿದೆ. ಹಿಂದಿನ ಸಲಕ್ಕಿಂತ ಒಂದಿಷ್ಟು ಇಳಿದಿತ್ತು. ಸುಳ್ಳು ಹೇಳಲಾರೆ, ನಿಂತಿದೆ ಎಂದುಬಿಡುವ ಆಸೆ ನಾಲಿಗೆಯ ತುದಿಯವರೆಗೂ ಬಂದಿತ್ತು. ಆ ಬೆನ್ನನ್ನು ನೋಡಿ "ಇನ್ನೂ ಇಳೀತಿದೆ" ಎಂದೆ. ಅವರ ತಮ್ಮ, ಬಾಗಿಲನ್ನು ದಢಾರನೆ ಎಳೆದುಕೊಂಡು ಹೋದ. ಮತ್ತೆ ಕಾಯಿಸಿದೆವು, ತಣಿಸಿದೆವು.  ಹೊರಗೆ ಬಿಸಿಲು ಇಳಿಯುತ್ತಿತ್ತು.

ಸಂಜೆಗೆ ಮುಂಚೆ ತೂಕ ನಿಂತಿತು. ಹಿಂದಿನ ದಿನದ್ದಕ್ಕಿಂತ ಎರಡೂವರೆ ಪಟ್ಟು ಕೊಬ್ಬು. ಅವರೇ ಡಾಕ್ಟರಿಗೆ ಓದಿ ಹೇಳಿದರು. ಆ ಕಡೆಯಿಂದ ತಿರುಗಿ ಓದಿಸಿ ಕೇಳಿಸಿಕೊಂಡರು. ಆಮೇಲೆ ಅಂಗೈಯಿಂದ ಬಾಯಿ ಮುಚ್ಚಿಕೊಂಡು ಕುಸಿದು ಕೂತರು.

ಮಗುವಿಗೆ ಹಾಲು ದಕ್ಕಿತು. ಬದುಕಿತು, ಮೈಕೈ ತುಂಬಿಕೊಂಡಿತು. ಆದರೆ ಆ ತಮ್ಮ ಮತ್ತೆ ಅಕ್ಕನ ಮನೆಯ ಹೊಸ್ತಿಲು ತುಳಿಯಲಿಲ್ಲ. "ಸಾಯೋ ಮಗೂನ ಒಂದು ದಿನ ಕಾಯಿಸಿದಳು, ಕಲ್ಲು ಹೃದಯ" ಎಂದು ನೆಂಟರಲ್ಲೆಲ್ಲ ಹೇಳಿಕೊಂಡು ಬಂದ. ಮಗುವಿನ ಹುಟ್ಟುಹಬ್ಬಕ್ಕೆ ಇವರಿಗೆ ಕರೆ ಬರಲಿಲ್ಲ. ಆ ದಿನ ಉಪಕರಣ ತೊಳೆಯುತ್ತಾ, ನನ್ನ ಮುಖ ನೋಡದೆ ಕೇಳಿದರು: "ಮೊದಲನೇ ಅಂಕಿ ಕೊಟ್ಟಿದ್ರೂ ಮಗು ಉಳೀತಿತ್ತೇನೋ, ಅಲ್ವಾ?"

ಉಳಿಯುತ್ತಿರಲಿಲ್ಲ ಎಂದು ನಾನು ಹೇಳಬಹುದಿತ್ತು. ಹೇಳಲಾಗಲಿಲ್ಲ; ನನಗೆ ಗೊತ್ತಿರಲಿಲ್ಲ.

ಅಪಾಯದಿಂದ ಎತ್ತಿಕೊಂಡು ಬಂದವರನ್ನು ಲೋಕ ಹೆಗಲ ಮೇಲೆ ಹೊರುತ್ತದೆ. ಅಪಾಯವನ್ನೇ ಬರಗೊಡದವರು ಮಾತ್ರ ಯಾರಿಗೂ ಕಾಣುವುದಿಲ್ಲ. ಅವರು ತಡೆದ ಕೇಡಿಗೆ ಸಾಕ್ಷಿಯಿಲ್ಲ, ಅವರು ಮಾಡಿದ ತಡಕ್ಕೆ ಮಾತ್ರ ಮನೆಮಂದಿಯೆಲ್ಲ ಸಾಕ್ಷಿ. ಅಂಥವರಿಗೆ ಕೃತಜ್ಞತೆ ಸಿಗದಿರುವುದು ಹಾಗಿರಲಿ, ತಾವು ಮಾಡಿದ್ದು ಸರಿಯೆಂಬ ನೆಮ್ಮದಿಯೂ ಪೂರ್ತಿಯಾಗಿ ಸಿಗುವುದಿಲ್ಲ. ಆ ನೆಮ್ಮದಿ ಇಲ್ಲದೆಯೂ ಮರುದಿನ ಬಂದು ಕೋಟು ತೊಟ್ಟುಕೊಳ್ಳುವವರಿದ್ದಾರಲ್ಲ, ಕೂಸುಗಳಿಗೆ ಹಾಲು ದಕ್ಕುವುದು ಅವರಿಂದ.