ಮುಟ್ಟಿದ್ದಕ್ಕೆ ಎರಡು ರೂಪಾಯಿ ನಾಲ್ಕಾಣೆ

“ಮುಟ್ಟಿದ್ರೆ ಚರ್ಮ ಸುಲೀತೀನಿ ಬೋಳಿಮಗನೆ. ಅಲ್ಲೇ ನಿಂತ್ಕೊಂಡು ಎಳಿ,” ಎಂದರು ನರಸಿಂಹಪ್ಪನವರು.

ನಾನು ಅಂಗಳದಲ್ಲಿ ನಿಂತು ಹಗ್ಗ ಎಳೆದೆ. ತೊಲೆಗೆ ಕಟ್ಟಿದ್ದ ಬಾವಿಯ ರಾಟೆ ಕಿರುಗುಟ್ಟಿ, ಪಡಸಾಲೆಯ ಮಂಚದಲ್ಲಿ ಮಲಗಿದ್ದ ಅವರ ಬಲಗಾಲು ಮೇಲಕ್ಕೆದ್ದಿತು. ಪಂಚೆ ಸೊಂಟದ ಕಡೆಗೆ ಜಾರಿತು. ಅವರ ಹೆಂಡತಿ ಚಿಕ್ಕವೆಂಕಟಮ್ಮನವರು ಗೋಡೆಯ ಕಡೆ ಮುಖ ತಿರುಗಿಸಿಕೊಂಡರು. ಇಪ್ಪತ್ತು ಎಕರೆ ಹಿಪ್ಪುನೇರಳೆ ತೋಟದ ಒಡೆಯರಾದ ಗೌಡರ ಕಾಲು ಚಪ್ಪರದ ಪಡವಲಕಾಯಿಯ ಹಾಗೆ ನೇತಾಡುತ್ತಿತ್ತು.

ಲಕ್ವ ಹೊಡೆದು ಅವರ ಬಲಭಾಗ ಬಿದ್ದುಹೋಗಿತ್ತು. ಬಿದ್ದ ಕೈಕಾಲನ್ನು ಮತ್ತೆ ಎಬ್ಬಿಸುವುದೇ ನನ್ನ ವಿದ್ಯೆ. ವೇಲೂರಿನಲ್ಲಿ ಎರಡು ವರ್ಷ ಕಲಿತು ಸರ್ಟಿಫಿಕೇಟು ತಂದಿದ್ದೆ. ಶಿಡ್ಲಘಟ್ಟದ ಸುತ್ತಮುತ್ತ ಈ ವಿದ್ಯೆಗೆ ಹೆಸರೇ ಇರಲಿಲ್ಲ. ನಮ್ಮ ಕೇರಿಯವರು ಅದನ್ನು ಕಾಲೆತ್ತೋ ಓದು ಎನ್ನುತ್ತಿದ್ದರು. ಆ ಓದಿಗೆ ಎಂಟುನೂರು ರೂಪಾಯಿ ಸಾಲ ಕೊಟ್ಟವರು ಇದೇ ನರಸಿಂಹಪ್ಪನವರು. ಅದು ತೀರುವ ತನಕ ನಮ್ಮಪ್ಪ ಕೋನಪ್ಪ ಅವರ ಮನೆಯಲ್ಲಿ ಜೀತ ಮಾಡಬೇಕು.

ಬೆಂಗಳೂರಿನಲ್ಲಿ ತೊಂಬತ್ತು ರೂಪಾಯಿ ಸಂಬಳದ ಕೆಲಸ ಸಿಕ್ಕಿತ್ತು. ಬಾಡಿಗೆ, ಊಟ ಕಳೆದು ತಿಂಗಳಿಗೆ ಮೂವತ್ತು ಉಳಿಸಿದರೂ ಅದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಬಡ್ಡಿ ತಿನ್ನುತ್ತಿತ್ತು. ಹಾಗೆ ಹೋದರೆ ಅಪ್ಪ ಬಿಡುಗಡೆಯಾಗುವುದಕ್ಕೆ ಮೂರೂಕಾಲು ವರ್ಷ. ಅಷ್ಟರಲ್ಲಿ ನರಸಿಂಹಪ್ಪನವರು ಹೇಳಿಕಳಿಸಿದರು: ಬಂದು ನನ್ನ ಕೈಕಾಲು ಎಬ್ಬಿಸು, ದಿನಕ್ಕೆ ಎರಡು ರೂಪಾಯಿ ಅಸಲಿನಲ್ಲೇ ಮುರಿದುಕೊಳ್ಳುತ್ತೇನೆ, ಬಡ್ಡಿ ಬಿಟ್ಟೆ. ನಾನೂರು ದಿನಕ್ಕೆ ಸಾಲ ಚುಕ್ತ. ಲೆಕ್ಕದಲ್ಲಿ ನಾನು ಜಾಣನೆಂದು ಮೇಷ್ಟ್ರು ಹೇಳುತ್ತಿದ್ದರು. ಆ ಜಾಣತನಕ್ಕೆ ಬೆಂಕಿ ಬೀಳಲಿ, ಬೆಂಗಳೂರು ಬಿಟ್ಟು ಬಂದೆ.

ಹಗ್ಗ ಎಳೆದ ಮೊದಲ ವಾರಕ್ಕೆ ಕೂಲಿಯೇ ಬರಲಿಲ್ಲ. ಹಗ್ಗ ಗೌಡರದು, ರಾಟೆ ಗೌಡರದು, ಕೆಲಸ ಮಾಡಿದ್ದೂ ಅವೇ ಎಂದು ಲೆಕ್ಕ ಬರೆಯುವ ಚೆನ್ನರಾಯಪ್ಪ ವಿವರಿಸಿದ. ಇದನ್ನು ಅವನು ನಗದೆ ಹೇಳಿದ.

ಆದರೆ ಸೆಟೆದುಕೊಂಡ ಬೆರಳು ಹಗ್ಗಕ್ಕೆ ಬಗ್ಗುವುದಿಲ್ಲ, ಕೈಯೇ ಬೇಕು. ಎಂಟನೆಯ ದಿನ ನರಸಿಂಹಪ್ಪನವರು ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಮುಟ್ಟಿ ಸಾಯಿ ಎಂದರು. ಮುಟ್ಟಿದೆ. ಆಕಾಶವೇನೂ ಬೀಳಲಿಲ್ಲ. ಸಂಜೆ ಪುಸ್ತಕದಲ್ಲಿ ನನ್ನ ಹೆಸರಿಗೆ ಎರಡು ರೂಪಾಯಿ ಜಮಾ ಆಗಿತ್ತು. ಕೆಳಗೆ ಖರ್ಚು ಇತ್ತು: ನನ್ನಿಂದಾದ ಮೈಲಿಗೆಯ ಸ್ನಾನಕ್ಕೆ ಸೌದೆ ಹನ್ನೆರಡಾಣೆ, ಸೀಗೆಕಾಯಿ ನಾಲ್ಕಾಣೆ, ಪಂಚೆ ಒಗೆಯಲು ಸೋಪು ನಾಲ್ಕಾಣೆ, ಪುರೋಹಿತರ ತೀರ್ಥ ಒಂದು ರೂಪಾಯಿ. ಒಟ್ಟು ಎರಡು ರೂಪಾಯಿ ನಾಲ್ಕಾಣೆ.

ಅಂದರೆ ದುಡಿದ ಒಂದೊಂದು ದಿನಕ್ಕೂ ಸಾಲ ನಾಲ್ಕಾಣೆ ಬೆಳೆಯಿತು. ಮೂವತ್ತು ದಿನ ದುಡಿದೆ. ಸಾಲ ಎಂಟುನೂರ ಏಳು ರೂಪಾಯಿ ಎಂಟಾಣೆಯಾಯಿತು. ಗೌಡರು ಮಾತ್ರ ದಿನಾ ಬಿಸಿನೀರು ಹಾಕಿಸಿಕೊಂಡು ಕೆಂಪಗೆ ಮಿಂಚುತ್ತಿದ್ದರು.

ಚೆನ್ನರಾಯಪ್ಪನನ್ನು ತಡೆದು, ಇಬ್ಬರು ಮುಟ್ಟಿದರೆ ಎರಡು ಸ್ನಾನವೇ ಎಂದು ಕೇಳಿದೆ.

“ಹತ್ತು ಜನ ಮುಟ್ಟಿದ್ರೂ ಸ್ನಾನ ಒಂದೇ ಕಣಪ್ಪ,” ಎಂದ.

ಮಾರನೆಯ ಬೆಳಿಗ್ಗೆ ಅಂಗಳದಲ್ಲಿ ಎರಡು ಬಿದಿರು ನೆಟ್ಟಗೆ ಕಟ್ಟಿ, ನಡುವೆ ನರಸಿಂಹಪ್ಪನವರನ್ನು ನಿಲ್ಲಿಸಿದೆ. ಲಕ್ವ ಹೊಡೆದ ಮೇಲೆ ಅವರು ನಿಂತದ್ದು ಅದೇ ಮೊದಲು. ಎಡಗೈ ಬಿದಿರು ಹಿಡಿದಿತ್ತು, ಬಲಗೈ ಮುಂದಕ್ಕೆ ಚಾಚಿತ್ತು. ನಿಲ್ಲುವುದು ಬಂದಿತ್ತು, ಕೂರುವುದು ಇನ್ನೂ ಬಂದಿರಲಿಲ್ಲ. ಆಗ ನಮ್ಮ ಕೇರಿ ಬಂತು.

ಮುಂದೆ ನಮ್ಮಜ್ಜಿ ಅಕ್ಕಯಮ್ಮ, ಹಿಂದೆ ನಮ್ಮಮ್ಮ, ಅವರ ಹಿಂದೆ ಎಲೆ ಕೊಯ್ಯುವ ಹೆಂಗಸರು, ಕೊನೆಯಲ್ಲಿ ಅಪ್ಪ. ಎಲ್ಲರಿಗೂ ಹಿಂದಿನ ದಿನವೇ ಹೇಳಿದ್ದೆ: ಸ್ನಾನದ ದುಡ್ಡು ನಾವು ಕೊಡ್ತಿದೀವಿ, ಪೂರ್ತಿ ವಸೂಲಾಗಲಿ.

“ಏನ್ರಲೇ ಇದು?” ಎಂದರು ಗೌಡರು. ಅಜ್ಜಿ ಅವರ ಗಲ್ಲ ಹಿಡಿದು ಅಲ್ಲಾಡಿಸಿ, ಹುಟ್ಟಿದಾಗ ಸೂಲಗಿತ್ತಿಯಾಗಿ ಎತ್ತಿಕೊಂಡಿದ್ದು ನಾನೇ, ಆವತ್ತು ಸೀಗೆಕಾಯಿ ಕೇಳಲಿಲ್ಲವಲ್ಲ ಎಂದಳು. ಅಮ್ಮ ತೋಳು ಮುಟ್ಟಿದಳು. ಒಬ್ಬಳು ಹೊಟ್ಟೆ ಮುಟ್ಟಿ, ಮೆತ್ತಗಿದೆ ಎಂದು ಇನ್ನೊಬ್ಬಳಿಗೆ ವರದಿ ಕೊಟ್ಟಳು. ಚಿಕ್ಕವೆಂಕಟಮ್ಮನವರು ಹಂಡೆಯ ಉರಿ ಏರಿಸಲು ಬಚ್ಚಲಿಗೆ ಓಡಿದರು. ಗೌಡರು ಬಾಯಿಗೆ ಬಂದ ಹಾಗೆ ಬೈಯುತ್ತಿದ್ದರು, ಆದರೆ ನಿಂತಲ್ಲೇ ನಿಂತು ಬೈಯಬೇಕಾಗಿತ್ತು.

ಅಪ್ಪ ಕೈಗಳನ್ನು ಕಂಕುಳಲ್ಲಿ ಬಚ್ಚಿಟ್ಟುಕೊಂಡು ದೂರ ನಿಂತಿದ್ದ. ಮೊದಲು ಕೂಲಿಗೆ, ಆಮೇಲೆ ನನ್ನ ಸಾಲದ ಜೀತಕ್ಕೆ, ಒಟ್ಟು ಹದಿನೆಂಟು ವರ್ಷ ಅವರ ಹೊಲ, ದನ, ಸಗಣಿ ಎಲ್ಲ ಮುಟ್ಟಿದವನು ಅವರನ್ನು ಮುಟ್ಟಿರಲಿಲ್ಲ. ನಾನು ಅವನನ್ನು ಬಿದಿರಿನ ಹತ್ತಿರಕ್ಕೆ ಕರೆತಂದೆ. ಅವನ ಕೈ ಎಳೆದು ಗೌಡರ ಬಲ ಅಂಗೈಯಲ್ಲಿ ಇಟ್ಟೆ.

ಮೂವತ್ತು ದಿನದ ನನ್ನ ಕೆಲಸ ಆಗ ಫಲ ಕೊಟ್ಟಿತು. ಬಿದ್ದುಹೋಗಿದ್ದ ಬೆರಳುಗಳು ಒಂದೊಂದಾಗಿ ಮಡಿಚಿ ಅಪ್ಪನ ಕೈಯನ್ನು ಬಿಗಿಯಾಗಿ ಹಿಡಿದವು.

“ಬಿಡಲೇ ಕೋನ,” ಎಂದು ನರಸಿಂಹಪ್ಪನವರು ಕಿರುಚಿದರು.

ಅಪ್ಪ ಕೈ ಎಳೆದು ನೋಡಿದ. ಬರಲಿಲ್ಲ.

“ನಾನೆಲ್ಲಿ ಹಿಡ್ದಿದೀನಿ ಸ್ವಾಮಿ,” ಎಂದ. “ಹಿಡ್ಕೊಂಡಿರೋದು ನೀವು.”

ಲಕ್ವದ ಕೈಗೆ ಹಿಡಿಯುವುದು ಮೊದಲು ಬರುತ್ತದೆ, ಬಿಡುವುದು ಬಹಳ ತಡ. ಮಣಿಕಟ್ಟನ್ನು ಒಳಕ್ಕೆ ಬಗ್ಗಿಸಿದರೆ ಬೆರಳು ತಾನಾಗಿ ಬಿಚ್ಚಿಕೊಳ್ಳುತ್ತದೆ, ಅಷ್ಟೇ ವಿದ್ಯೆ. ಊರಿನಲ್ಲಿ ಅದು ಗೊತ್ತಿದ್ದವನು ನಾನೊಬ್ಬನೇ. ಚೆನ್ನರಾಯಪ್ಪ ಎಳೆದು ನೋಡಿದಷ್ಟೂ ಹಿಡಿತ ಬಿಗಿಯಾಯಿತು. ನೀರು ಕಾದಿದೆ ಎಂದು ಒಳಗಿನಿಂದ ಕೂಗು ಬಂತು. ಸ್ನಾನಕ್ಕೆ ಗೌಡರು ಹೋಗಬೇಕಾದರೆ ಜೊತೆಗೆ ಅಪ್ಪನೂ ಅವರ ಬಚ್ಚಲಿಗೆ ಹೋಗಬೇಕು. ಎಲ್ಲರೂ ನನ್ನನ್ನೇ ನೋಡಿದರು.

ನಾನು ಮೆಟ್ಟಿಲು ಹತ್ತಿ ಜಗಲಿಯ ಮೇಲೆ ಕೂತು, ಪುಸ್ತಕ ತರುವಂತೆ ಚೆನ್ನರಾಯಪ್ಪನಿಗೆ ಹೇಳಿದೆ.

“ಬೆರಳು ಬಿಚ್ಸೋದು ಬೇರೆ ಕೆಲಸ ಸ್ವಾಮಿ,” ಎಂದೆ. “ಅದಕ್ಕೆ ಎಂಟುನೂರ ಏಳು ರೂಪಾಯಿ ಎಂಟಾಣೆ. ಸ್ನಾನದ ಖರ್ಚು ನಿಮ್ದು.”