ನೇಮಿರಾಜನ ಸಿಹಿತ್ಯಾಗ

ಸಾಗರದ ಪೇಟೆಯಲ್ಲಿ ಜವಳಿ ಅಂಗಡಿ ಇಟ್ಟಿದ್ದ ನೇಮಿರಾಜ ಮದುವೆಮನೆಗಳಲ್ಲಿ ಹನ್ನೆರಡು ಹೋಳಿಗೆ ತಿಂದು, ಹದಿಮೂರನೆಯದನ್ನು ಬಡಿಸುವವರ ಮನಸ್ಸು ನೋಯಬಾರದೆಂದು ತಿನ್ನುವ ಮನುಷ್ಯ. ಅಂಥವನಿಗೆ 1955ರ ದೀಪಾವಳಿ ಕಳೆದ ವಾರದಲ್ಲೇ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾಯಿತು. ಹೆಂಡತಿ ಚಂದ್ರಮತಿಯೊಡನೆ ತೀರ್ಥಹಳ್ಳಿಯ ಅಕ್ಕ ಜಿನಮ್ಮನ ಮನೆಗೆ ಹೊರಟವನು ದಾರಿಯುದ್ದಕ್ಕೂ ಒಂದಕ್ಕೆಂದು ಬಸ್ಸು ನಿಲ್ಲಿಸಿ ನಿಲ್ಲಿಸಿ ಇಳಿದದ್ದರಿಂದ, ಕಂಡಕ್ಟರನೇ ಬೇಸತ್ತು ಗಜಾನನ ಡಾಕ್ಟರ ಮನೆ ತೋರಿಸಿದ್ದ.

ದಿನಾ ಬೆಳಿಗ್ಗೆ ಒಂದು ಇಂಜೆಕ್ಷನ್ ಎಂದರು ಡಾಕ್ಟರು. ಗಾಜಿನ ಸಿರಿಂಜು ಕುದಿಸುವುದು, ಔಷಧ ಎಳೆಯುವುದು, ಚುಚ್ಚುವುದು ಎಲ್ಲವನ್ನೂ ಚಂದ್ರಮತಿಗೆ ಕಲಿಸಿದರು. ಊಟ ತಪ್ಪಿಸಕೂಡದು, ಬೆವರಿ ನಡುಗಿದರೆ ತಕ್ಷಣ ಬೆಲ್ಲವನ್ನೋ ಸಕ್ಕರೆಯನ್ನೋ ಬಾಯಿಗೆ ಹಾಕಬೇಕು ಎಂದರು. ಅವಳು ಡಾಕ್ಟರ ಹೆಂಡತಿಯೊಡನೆ ಮಾತಾಡಲು ಒಳಗೆ ಹೋದಾಗ ಡಾಕ್ಟರು ಕುರ್ಚಿಯನ್ನು ನೇಮಿರಾಜನ ಹತ್ತಿರಕ್ಕೆ ಎಳೆದುಕೊಂಡರು.

“ನೀವು ಜೈನರು. ಹೇಳ್ದೆ ಕೊಟ್ರೆ ನಂಗೇ ಸರಿ ಕಾಣಲ್ಲ. ಈ ಔಷಧಾನ ದನದ ಹೊಟ್ಟೆಯೊಳಗಿನ ಒಂದು ಗ್ರಂಥಿಯಿಂದ ತೆಗೀತಾರೆ. ಕಸಾಯಿಖಾನೆಯ ದನ.”

“ಬೇರೆ ದಾರಿ ಇಲ್ವಾ?”

“ಇದೆ. ಸಾಯೋದು.”

ನೇಮಿರಾಜನಿಗೆ ನಲವತ್ತಾರು ವರ್ಷ. ಸಾಯಲು ಮನಸ್ಸಿರಲಿಲ್ಲ.

“ಅವಳಿಗೆ ಹೇಳ್ಬೇಡಿ,” ಎಂದ.

ಚಂದ್ರಮತಿ ಎಂಥವಳೆಂದರೆ, ಬಾವಿಯ ನೀರನ್ನು ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಹುಳುವನ್ನು ಮತ್ತೆ ಅದೇ ಬಾವಿಗೆ ಬಿಟ್ಟು ಬರುವವಳು. ಹೊತ್ತು ಮುಳುಗಿದ ಮೇಲೆ ತುತ್ತು ಅನ್ನ ಮುಟ್ಟದವಳು. ನೆಲದೊಳಗೆ ಬೆಳೆದ ಗೆಡ್ಡೆ ಅವಳ ಅಡಿಗೆಮನೆಯ ಹೊಸ್ತಿಲು ದಾಟಿದ್ದಿಲ್ಲ. ಅವಳ ಕೈಯಿಂದಲೇ ಆ ಔಷಧ ದಿನಾ ತನ್ನ ತೋಳಿಗೆ ಇಳಿಯುತ್ತದೆ ಎಂಬುದು ನೇಮಿರಾಜನಿಗೆ ಬಿಸಿ ತುಪ್ಪವಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಗೊತ್ತಾದರೆ ಅವಳು ಬೇಡ ಎನ್ನುತ್ತಾಳೆ. ಅವಳು ಬೇಡ ಎಂದದ್ದನ್ನು ಮಾಡಿ ಅವನಿಗೆ ಅಭ್ಯಾಸವಿಲ್ಲ. ಆಗ ಸಾಯಬೇಕಾಗುತ್ತದೆ. ಅದಕ್ಕಿಂತ ದೊಡ್ಡ ಭಯ, ಸಾಯುವ ತನಕ ಅವಳು ತನ್ನನ್ನು ಯಾವ ಕಣ್ಣಿನಿಂದ ನೋಡಿಯಾಳು ಎಂಬುದು.

ಶಿವಮೊಗ್ಗದಿಂದ ರೈಲಿನಲ್ಲಿ ಬರುತ್ತಿದ್ದ ಸೀಸೆಗಳನ್ನು ಅವಳು ಒದ್ದೆ ಬಟ್ಟೆ ಸುತ್ತಿದ ಮಡಕೆಯಲ್ಲಿಟ್ಟು, ಮಡಕೆಯನ್ನು ದೇವರ ಕೋಣೆಯ ತಂಪು ಮೂಲೆಯಲ್ಲಿಟ್ಟಳು.

“ಅಲ್ಲಿ ಬೇಡ ಕಣೇ.”

“ಯಾಕ್ರೀ? ಜೀವ ಉಳಿಸೋ ವಸ್ತು.”

ಅವನು ಛತ್ರಿ ತೆಗೆದುಕೊಂಡು ಅಂಗಡಿಗೆ ಹೋದ.

ಇನ್ನು ನೆಂಟರು. ಸಕ್ಕರೆ ಕಾಯಿಲೆಯೆಂದರೆ ತಿಂದು ತಿಂದು ತಂದುಕೊಂಡದ್ದು ಎಂದು ಹಲ್ಲು ಕಿರಿಯುವ ಜನ. ಹಾಗಾಗಿ ಸಂಕ್ರಾಂತಿಗೆ ಹೋದಾಗ ಜಿನಮ್ಮ ಪಾಯಸದ ಸೌಟು ಹಿಡಿದು ಎದುರು ನಿಂತರೆ, ಅವನ ಬಾಯಿಂದ “ಸಿಹಿ ತ್ಯಾಗ ಮಾಡಿದೀನಿ ಅಕ್ಕ” ಎಂಬ ಮಾತು ತಾನಾಗಿಯೇ ಹೊರಬಿತ್ತು. ತ್ಯಾಗ ಮಾಡಿದವನನ್ನು ಅವರಲ್ಲಿ ಯಾರೂ ಒತ್ತಾಯ ಮಾಡುವಂತಿಲ್ಲ. ಸೌಟು ಹಿಂದಕ್ಕೆ ಹೋಯಿತು. ಒತ್ತಾಯ ಹೋದದ್ದಷ್ಟೇ ಅಲ್ಲ, ಮರ್ಯಾದೆಯೂ ಬಂತು. ಆ ವರ್ಷ ನೆಂಟರಲ್ಲಿ ಎರಡು ಮದುವೆ, ಒಂದು ಸೀಮಂತ, ಒಂದು ಗೃಹಪ್ರವೇಶ. ಆನಂದಪುರಕ್ಕೆ ಹೋಗಲಿ, ಮಂಡಗದ್ದೆಗೆ ಹೋಗಲಿ, ಅವನಿಗೆ ಮೊದಲ ಮಣೆ. ಜೀವಮಾನದಲ್ಲಿ ಅವನನ್ನು ಯಾರೂ ಯಾವುದಕ್ಕೂ ಮಾದರಿ ಎಂದಿರಲಿಲ್ಲ. ಅವನಿಗೆ ಹಿತವಾಯಿತು ಎನ್ನುವುದನ್ನೂ ಹೇಳಿಬಿಡಬೇಕು.

“ವ್ರತದ ಹೆಸರಲ್ಲಿ ಸುಳ್ಳು ಹೇಳ್ತೀರಲ್ರೀ,” ಎಂದು ಚಂದ್ರಮತಿ ಬೈದಳು. ಬೈದು, ಸುಳ್ಳು ಅರ್ಧವಾದರೂ ನಿಜವಾಗಲಿ ಎಂದು ತಾನೇ ಸಿಹಿ ಬಿಟ್ಟಳು.

ಭಾದ್ರಪದದ ಅನಂತ ಚತುರ್ದಶಿಗೆ ಇಬ್ಬರೂ ಹೊಸನಗರಕ್ಕೆ, ಚಂದ್ರಮತಿಯ ತಮ್ಮ ಪದ್ಮಣ್ಣನ ಮನೆಗೆ ಹೋದರು. ಬೆಳಿಗ್ಗೆ ಕೋಣೆಯ ಬಾಗಿಲು ಹಾಕಿಕೊಂಡು ಗುಟ್ಟಾಗಿ ಇಂಜೆಕ್ಷನ್ ಆದ ಮೇಲೆ ಪದ್ಮಣ್ಣ ಕೈಮುಗಿದುಕೊಂಡು ಬಂದ.

“ಭಾವ, ಇವತ್ತಿನ ಉಪವಾಸಕ್ಕೆ ನೀವೇ ಮುಂದೆ ಕೂರ್ಬೇಕು. ನಿಮ್ಮಂಥ ವ್ರತಿ ಮನೇಲಿರುವಾಗ ಬೇರೆ ಯಾರನ್ನ ಕೂರ್ಸೋದು?”

ನೇಮಿರಾಜ ಹೋಗಿ ಮುಂದಿನ ಮಣೆಯ ಮೇಲೆ ಕೂತ. ಚಂದ್ರಮತಿ ಕಂಬದ ಹಿಂದಿನಿಂದ ಕಣ್ಣುಬಿಟ್ಟು ಹೆದರಿಸಿದಳು. ಎರಡು ಸಲ ಒಳಗೆ ಕರೆದಳು. ಅವನು ಕಣ್ಣುಮುಚ್ಚಿ ಧ್ಯಾನ ಮಾಡಿದ. ಹೊತ್ತು ಮುಳುಗಿದ ಸ್ವಲ್ಪ ಹೊತ್ತಿಗೆಲ್ಲ ಅವನಿಗೆ ಬೆವರು ಕಿತ್ತುಕೊಂಡಿತು, ಕೈ ನಡುಗಿತು, ಸ್ತೋತ್ರ ತೊದಲಿತು. “ತಪಸ್ಸಿನ ಕಾವು,” ಎಂದರು ಹಿರಿಯರೊಬ್ಬರು. ಅಷ್ಟರಲ್ಲಿ ಅವನು ಪಕ್ಕದಲ್ಲಿದ್ದ ಭಜನೆಯ ಹಾರ್ಮೋನಿಯಂ ಮೇಲೆ ಬಿದ್ದ.

ಚಂದ್ರಮತಿ ಒಳಗಿನಿಂದ ಬೆಲ್ಲದ ಅಚ್ಚನ್ನೇ ಹಿಡಿದು ಓಡಿ ಬಂದಳು.

“ಅಕ್ಕಾ, ಹೊತ್ತು ಮುಳುಗಿದೆ! ಭಾವಂಗೆ ಸಿಹಿ ತ್ಯಾಗ!” ಎಂದು ಪದ್ಮಣ್ಣ ಅಡ್ಡ ಬಂದ.

“ತ್ಯಾಗನೂ ಇಲ್ಲ, ಮಣ್ಣೂ ಇಲ್ಲ. ಅವ್ರಿಗೆ ಸಕ್ಕರೆ ಕಾಯಿಲೆ. ಆಚೆ ಸರಿಯೋ!” ಎಂದು ತಮ್ಮನನ್ನು ತಳ್ಳಿ, ಗಂಡನ ಬಾಯಿಗೆ ಬೆಲ್ಲ ತುರುಕಿದಳು.

ಕಾಲು ಗಂಟೆಯಲ್ಲಿ ವ್ರತಿ ಎದ್ದು ಕೂತ. ಅಷ್ಟರೊಳಗೆ ಅವನ ಮಣೆಯನ್ನು ಯಾರೋ ತೆಗೆದಿಟ್ಟಿದ್ದರು.

ಮರುದಿನ ಅವಳು ಅವನನ್ನು ಹುಂಚಕ್ಕೆ ಕರೆದುಕೊಂಡು ಹೋಗಿ, ಪದ್ಮಾವತಿ ಅಮ್ಮನ ಮುಂದೆ ಇಬ್ಬರ ಪರವಾಗಿ ತಾನೇ ತಪ್ಪೊಪ್ಪಿಕೊಂಡಳು. ಡಾಕ್ಟರಿಗೆ ತೋರಿಸಿ ಬರೋಣವೆಂದು ಅಲ್ಲಿಂದ ತೀರ್ಥಹಳ್ಳಿಯ ಬಸ್ಸು ಹತ್ತಿದರು. ಕಿಟಕಿಯ ಪಕ್ಕ ಕೂತು ಅವಳು ದೊಡ್ಡ ಉಸಿರುಬಿಟ್ಟಳು.

“ಹಗುರಾಯ್ತು ನೋಡಿ. ಇನ್ನು ನಮ್ಮನೇಲಿ ಒಂದೂ ಸುಳ್ಳಿಲ್ಲ.”

ಅವಳ ಮುಖದಲ್ಲಿ ಅಷ್ಟು ನೆಮ್ಮದಿಯಿತ್ತು. ಅದನ್ನು ನೋಡಿಕೊಂಡು ಸುಮ್ಮನೆ ಕೂರಲು ನೇಮಿರಾಜನಿಂದ ಆಗಲಿಲ್ಲ. ಕೋಣಂದೂರು ದಾಟಿದ ಮೇಲೆ ಹೇಳಿಬಿಟ್ಟ. ಔಷಧ ಎಲ್ಲಿಂದ ಬರುತ್ತದೆ, ತನಗೆ ಎಂದಿನಿಂದ ಗೊತ್ತು, ಯಾಕೆ ಮುಚ್ಚಿಟ್ಟೆ, ಎಲ್ಲವನ್ನೂ ಹೇಳಿದ.

ಅವಳು ಬೈಯಲಿಲ್ಲ. ತನ್ನ ಬಲಗೈಯನ್ನು ತಿರುಗಿಸಿ ಒಮ್ಮೆ ನೋಡಿಕೊಂಡಳು. ಆಮೇಲೆ ಆ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಳು. ಆ ದಿನ ತೀರ್ಥಹಳ್ಳಿಯಲ್ಲಿ ಅಕ್ಕನ ಮನೆಯಲ್ಲೇ ಉಳಿದರು. ಜಿನಮ್ಮ ಊಟಕ್ಕೆ ಕರೆದರೆ ಚಂದ್ರಮತಿ ತಲೆನೋವು ಎಂದಳು. ಅವಳು ಸುಳ್ಳು ಹೇಳಿದ್ದನ್ನು ನೇಮಿರಾಜ ಅದೇ ಮೊದಲು ಕೇಳಿದ್ದು.

ಬೆಳಿಗ್ಗೆ ಅವನು ಎದ್ದು ಜಗಲಿಯಲ್ಲಿ ಕೂತ. ಅಂಗಿಯ ತೋಳು ಮಡಿಸಲಿಲ್ಲ. ಡಾಕ್ಟರ ಮನೆ ಎರಡು ಬೀದಿಯಾಚೆ ಇತ್ತು, ಅಲ್ಲಿ ಹೋಗಿ ಚುಚ್ಚಿಸಿಕೊಳ್ಳಬಹುದಿತ್ತು. ಹೋಗಲು ಕಾಲು ಬರಲಿಲ್ಲ. ಸಾಯುವುದಕ್ಕೂ ಹೆದರಿಕೆಯಾಗುತ್ತಿತ್ತು. ಒಳಗೆ ಸ್ಟೌ ಹೊತ್ತಿದ ಸದ್ದಾಯಿತು. ಕಾಫಿಗಿರಬೇಕು ಎಂದುಕೊಂಡ.

ಚಂದ್ರಮತಿ ಸ್ನಾನ ಮಾಡಿ, ಕುದಿಸಿದ ಸಿರಿಂಜು ಹಿಡಿದು ಬಂದಳು. ಕಣ್ಣು ಊದಿತ್ತು.

“ತೋಳು ಕೊಡಿ.”

“ಬೇಡ ಕಣೇ. ನಿನ್ನ ಕೈಯಲ್ಲಿ ಈ ಪಾಪ ಮಾಡ್ಸಲ್ಲ.”

“ಪಾಪ ನಂಗಿರ್ಲಿ. ನಂಗೆ ನೀವಿರ್ಬೇಕು.”

ತಾನೇ ಅವನ ಅಂಗಿಯ ತೋಳು ಮಡಿಸಿ ಸೂಜಿ ಇಳಿಸಿದಳು. ಅಷ್ಟು ತಿಂಗಳಲ್ಲಿ ಒಮ್ಮೆಯೂ ತಪ್ಪದ ಸೂಜಿ ಅಂದು ಓರೆಯಾಗಿ ಹೋಯಿತು. ನೇಮಿರಾಜನಿಗೆ ಕಣ್ಣಲ್ಲಿ ನೀರು ಬಂತು.

“ನೋವಾಯ್ತಾ?” ಎಂದಳು.

“ಇಲ್ಲ,” ಎಂದ.